ತಮ್ಮನನ್ನು ಕಾಲೇಜಿಗೆ ಸೇರಿಸುವ ಮೊದಲು ಮಾಡಿಕೊಳ್ಳಬೇಕಾದ ಕೆಲಸಗಳು

ನನ್ನ ತಮ್ಮನಿಗೆ ಆಟಿಸಂ. ಈಗ ಶಿರಸಿಯಲ್ಲಿ ಬಿ.ಎ. ಎರಡನೇ ವರ್ಷ. ನಾವು ಮೊದಲು ಹೋದ ಕಾಲೇಜಿನಲ್ಲಿ "ಇಂಥವರಿಗೆ ಇಲ್ಲಿ ಆಗೋದಿಲ್ಲ, ಮನೇಲೇ ಏನಾದ್ರೂ ಕಲಿಸಿ" ಅಂದಿದ್ದರು. ಅವನು ಪಕ್ಕದಲ್ಲೇ ನಿಂತಿದ್ದ. ಆಯಿ ಫೈಲು ಎತ್ತಿಕೊಂಡು ಹೊರಟೇಬಿಟ್ಟಳು.

ಹಾಗೆ ಹೊರಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಸರ್ಕಾರಿ, ಅನುದಾನಿತ ಕಾಲೇಜುಗಳು ಕನಿಷ್ಠ ಶೇ. 5 ಸೀಟು ಮೀಸಲಿಡಬೇಕು. ವಯಸ್ಸಿನ ಮಿತಿಯಲ್ಲೂ 5 ವರ್ಷ ಸಡಿಲಿಕೆ ಇದೆ. ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ ಎಲ್ಲವೂ ಇದರಲ್ಲಿ ಸೇರುತ್ತವೆ. ಆದರೆ ಅಂಗವಿಕಲತೆಯ ಸರ್ಟಿಫಿಕೇಟಿನಲ್ಲಿ ನ್ಯೂನತೆ ಶೇ. 40 ಅಥವಾ ಜಾಸ್ತಿ ಇರಬೇಕು.

ಆ ಸರ್ಟಿಫಿಕೇಟಿಗೆ, ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಪಿಯುಸಿ ಓದುವಾಗಲೇ ಆನ್‌ಲೈನಿನಲ್ಲಿ ಅರ್ಜಿ ಹಾಕಿ. ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಸಹಾಯ ಮಾಡುತ್ತಾರೆ. ನಮ್ಮನ್ನು ತಪಾಸಣೆಗೆ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಕರೆದರು. ನಾವು ಹೋದದ್ದು ಜುಲೈನಲ್ಲಿ, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ, ಸುರಿಯುವ ಮಳೆಯಲ್ಲಿ. ಅಲ್ಲಿ ಮುಟ್ಟುವಷ್ಟರಲ್ಲೇ ತಮ್ಮ ಸುಸ್ತು. ನೀವು ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಸೀಟು ಸಿಕ್ಕಿತೆಂದು ಸುಮ್ನೆ ಕೂರುವ ಹಾಗಿಲ್ಲ. ಪ್ರಿನ್ಸಿಪಾಲರಿಗೆ ಪತ್ರ ಬರೆಯಿರಿ. ನಾನು ಮೊದಲು "ವಿಶೇಷ ಗಮನ ಕೊಡಬೇಕು" ಅಂತ ಬರೆದಿದ್ದೆ. ಅದರಿಂದ ಯಾರಿಗೆ ಏನು ತಿಳಿಯುತ್ತದೆ? ಎರಡನೇ ಪತ್ರದಲ್ಲಿ ಹೀಗೆ ಬರೆದೆ: ಬಾಗಿಲ ಹತ್ತಿರದ ಬೆಂಚು ಬೇಕು. ಗದ್ದಲವಾದರೆ ಐದು ನಿಮಿಷ ಹೊರಗೆ ಹೋಗಲು ಬಿಡಿ. ಏಕಾಏಕಿ ಎಬ್ಬಿಸಿ ಪ್ರಶ್ನೆ ಕೇಳಬೇಡಿ. ಪರೀಕ್ಷೆಯ ದಿನಾಂಕ ಬದಲಾದರೆ ಬರೆದು ಕೊಡಿ, ಬಾಯಲ್ಲಿ ಹೇಳಿದ್ದು ಅವನಿಗೆ ನೆನಪಿನಲ್ಲಿ ನಿಲ್ಲುವುದಿಲ್ಲ. ಎರಡು ಪ್ರತಿ ಒಯ್ದು, ಒಂದಕ್ಕೆ ಸೀಲು, ತಾರೀಖು ಹಾಕಿಸಿಕೊಂಡೆ.

ಕ್ಲಾಸು ಶುರುವಾಗುವ ಮೊದಲು ನಾಲ್ಕು ದಿನ ಬಸ್‌ಸ್ಟ್ಯಾಂಡಿನಿಂದ ಕಾಲೇಜಿಗೆ ಜೊತೆಯಲ್ಲೇ ನಡೆದೆವು. ಶೌಚಾಲಯ, ಲೈಬ್ರರಿ, ನೀರಿನ ನಲ್ಲಿ ಎಲ್ಲ ನೋಡಿಟ್ಟುಕೊಂಡ. ಒಂದು ಮಾತ್ರ ನಮಗೆ ಹೊಳೆದಿರಲಿಲ್ಲ: ಅವನ ಕ್ಲಾಸಿಗೆ ತಗಡಿನ ಮಾಡು! ಶಿರಸಿ ಮಳೆ ಗೊತ್ತಲ್ವಾ? ಮೊದಲ ವಾರವೇ ಕಿವಿ ಮುಚ್ಚಿಕೊಂಡು ಓಡಿಬಂದ. ಈಗ ಇಯರ್‌ಪ್ಲಗ್ ಇದೆ, ಮಳೆ ಜೋರಾದರೆ ಲೈಬ್ರರಿಗೆ ಹೋಗುತ್ತಾನೆ.

ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪೇಪರಿಗೆ ಒಂದು ಗಂಟೆ ಹೆಚ್ಚುವರಿ ಕೇಳಬಹುದು. ಬರೆಯುವುದು ಕಷ್ಟವಾದವರಿಗೆ ಸ್ಕ್ರೈಬ್ (ಹೇಳಿದ್ದನ್ನು ಬರೆದುಕೊಡುವವರು) ಕೂಡ. ಪರೀಕ್ಷಾ ಫಾರಂ ತುಂಬುವಾಗಲೇ ಅರ್ಜಿ ಕೊಡಿ. ನಾವು ಮೊದಲ ಸೆಮಿಸ್ಟರಿನಲ್ಲಿ ಹಾಲ್ ಟಿಕೆಟ್ ಬಂದ ಮೇಲೆ ಕೇಳಿ, ಇಲ್ಲ ಅನ್ನಿಸಿಕೊಂಡೆವು.

ದಿನಾ ಕ್ಲಾಸಿಗೆ ಹೋಗಲಾಗದವರಿಗೆ ಮನೆಯಲ್ಲೇ ಓದಿ ಪದವಿ ಪಡೆಯಬಹುದಾದ ಮೈಸೂರಿನ ಮುಕ್ತ ವಿವಿ, ಕೇಂದ್ರದ ಮುಕ್ತ ವಿವಿ ಇಗ್ನೋ ಇವೆ. ಪಿಯುಸಿಯೇ ಆಗಿಲ್ಲದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ನೋಡಿ.

ವಿಷಯ ಅವರೇ ಆರಿಸಲಿ. ನಾವು ಕಾಮರ್ಸ್ ಅಂದೆವು, ಅವನು ಇತಿಹಾಸ ಅಂದ. ಇಸವಿಗಳೆಲ್ಲ ಬಾಯಿಪಾಠ.

ಜೇಬಿನಲ್ಲಿಡಲು ಒಂದು ಚೀಟಿಯನ್ನೂ ಅವನೇ ಬರೆದುಕೊಂಡಿದ್ದಾನೆ: "ನನಗೆ ಆಟಿಸಂ ಇದೆ. ಗದ್ದಲವಾದರೆ ಮಾತು ನಿಲ್ಲುತ್ತದೆ. ಐದು ನಿಮಿಷ ಕಾಯಿರಿ." ಆಯಿ 'ದಯವಿಟ್ಟು' ಸೇರಿಸು ಅಂದಳು. ಅವನು ಸೇರಿಸಲಿಲ್ಲ.