ಒಲೆ ಹೊತ್ತಿಸಲು ಪುಳ್ಳೆ ಹುಡುಕಿದ ಬಗೆ

ಕಬ್ಬಿಣದ ಸೌದೆ ಒಲೆ ತಂದ ಮೊದಲ ಚಳಿಗಾಲದಲ್ಲಿ ಅರ್ಧ ಬೆಂಕಿಪೊಟ್ಟಣ ಖಾಲಿಯಾದರೂ ಉರಿ ಏಳುತ್ತಿರಲಿಲ್ಲ. ಕೋಣೆಯ ತುಂಬ ಹೊಗೆ, ಕಣ್ಣಲ್ಲಿ ನೀರು. ದಪ್ಪ ಸೌದೆಯ ಕೆಳಗೆ ಕಾಗದ ತುರುಕಿ ಕಡ್ಡಿ ಗೀರುತ್ತಿದ್ದೆ. ಕಾಗದ ಬೂದಿಯಾಗುತ್ತಿತ್ತು, ಸೌದೆಯ ಮೈ ಕಪ್ಪಾಗುತ್ತಿತ್ತು, ಅಷ್ಟೇ. ಇವೆರಡರ ನಡುವೆ ಒಳ್ಳೆಯ ಪುಳ್ಳೆ ಬೇಕೆಂದು ಅರಿವಾಗುವ ಹೊತ್ತಿಗೆ ಆ ಚಳಿಗಾಲವೇ ಕಳೆದಿತ್ತು.

ಮೊದಮೊದಲು ನೆಲಕ್ಕೆ ಬಿದ್ದ ಕಡ್ಡಿಗಳನ್ನೇ ಆಯ್ದು ತರುತ್ತಿದ್ದೆ. ನೋಡಲು ಒಣಗಿದಂತಿದ್ದರೂ ಅವು ಮಣ್ಣಿನ ತೇವ ಹೀರಿಕೊಂಡಿರುತ್ತವೆ. ಈಗ ಮರದಲ್ಲೇ ಒಣಗಿ ನಿಂತ ಸಣ್ಣ ಕೊಂಬೆಗಳನ್ನು ಹುಡುಕುತ್ತೇನೆ. ಮುರಿದಾಗ ಚಟ್ಟೆಂದು ತುಂಡಾದರೆ ಚೀಲಕ್ಕೆ. ಬಾಗಿ ನಾರು ಬಿಟ್ಟರೆ ಅಲ್ಲೇ ಬಿಟ್ಟು ಬರುತ್ತೇನೆ.

ಆದರೂ ನಾನು ಹೆಚ್ಚು ನೆಚ್ಚುವುದು ಸೌದೆಯಿಂದಲೇ ಸೀಳಿದ ಪುಳ್ಳೆಯನ್ನು. ಗಂಟಿಲ್ಲದ, ನೇರವಾಗಿ ಸೀಳುವ ಹಗುರ ಮರವನ್ನು ಆರಿಸಿ, ಕೆಲವನ್ನು ಹೆಬ್ಬೆರಳಿನಷ್ಟು, ಕೆಲವನ್ನು ಪೆನ್ಸಿಲ್‌ನಷ್ಟು ತೆಳ್ಳಗೆ ಸೀಳುತ್ತೇನೆ. ತುಂಡನ್ನು ಒಂದು ಕೈಯಲ್ಲಿ ಹಿಡಿದು ಕೊಡಲಿ ಬೀಸುವುದು ಬೇಡವೇ ಬೇಡ. ಕತ್ತಿಯ ಅಲಗನ್ನು ತುಂಡಿನ ತಲೆಯ ಮೇಲಿಟ್ಟು ಮರದ ಕೊಡತಿಯಿಂದ ಬಡಿದರೆ ಸಾಕು. ತೇವಾಂಶ ಶೇ. 20ಕ್ಕಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಉರಿಯ ಶಾಖದಲ್ಲಿ ಸಾಕಷ್ಟು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ.

ಒಮ್ಮೆ ಪೈನ್ ಮರದ ಹಳೆಯ ಬೊಡ್ಡೆ ಸೀಳುವಾಗ ಒಳಗೆ ಜೇನಿನ ಬಣ್ಣದ ತಿರುಳು ಕಂಡಿತು. ಮುಟ್ಟಿದರೆ ಅಂಟು, ಮೂಗಿಗೆ ಟರ್ಪೆಂಟೈನ್ ವಾಸನೆ. ಬೆರಳುದ್ದದ ಚಕ್ಕೆಗೆ ಕಡ್ಡಿ ತಾಗಿಸಿದೆ. ರಾಳ ಚುರುಗುಟ್ಟಿ ನೊರೆಯುಕ್ಕಿ, ಹಳದಿ ಜ್ವಾಲೆ ನೆಟ್ಟಗೆ ನಿಂತಿತು. ಎಂಥ ಸಂತೋಷವಾಯಿತು! ಇಂಥ ಚಕ್ಕೆ ಒಂದೆರಡು ಸಾಕು. ಹೆಚ್ಚಾದರೆ ಮಸಿ ಕಟ್ಟುತ್ತದೆ.

ರಾಳದ ಮರ ಸಿಗದಿದ್ದಾಗ ರಟ್ಟಿನ ಮೊಟ್ಟೆ ಟ್ರೇಯ ಗುಳಿಗಳಿಗೆ ಮರದ ಹೊಟ್ಟು ತುಂಬಿ, ಕರಗಿಸಿದ ಮೇಣ ಸುರಿಯುತ್ತೇನೆ. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನೊಳಗೆ ಇಡುತ್ತೇನೆ. ಆರಿದ ಮೇಲೆ ಗುಳಿಗಳನ್ನು ಬಿಡಿಬಿಡಿಯಾಗಿ ಕತ್ತರಿಸಿಟ್ಟರೆ ಒಂದು ಸಲಕ್ಕೆ ಒಂದು ಸಾಕು. ಬಣ್ಣ ಬಳಿದ ಹಲಗೆ, ಪ್ಲೈವುಡ್, ಸೀಮೆಎಣ್ಣೆ ಇವನ್ನು ಒಲೆಯ ಹತ್ತಿರ ಸೇರಿಸುವುದಿಲ್ಲ.

ಜೋಡಣೆಯನ್ನೂ ತಲೆಕೆಳಗು ಮಾಡಿದ್ದೇನೆ. ದಪ್ಪ ಸೌದೆ ಕೆಳಗೆ, ಅದರ ಮೇಲೆ ಅಡ್ಡಡ್ಡ ಪುಳ್ಳೆ, ತುದಿಯಲ್ಲಿ ಮೇಣದ ಗುಳಿ. ಉರಿ ಮೇಲಿನಿಂದ ಕೆಳಗಿಳಿಯುತ್ತದೆ, ಹೊಗೆ ಆ ಜ್ವಾಲೆಯ ಮೂಲಕವೇ ಹಾದು ಸುಟ್ಟುಹೋಗುತ್ತದೆ. ಚಿಮಣಿ ತೀರಾ ತಣ್ಣಗಿದ್ದ ದಿನ ಮೊದಲು ಒಂದು ಹಾಳೆ ಸುದ್ದಿಪತ್ರಿಕೆ ಸುಟ್ಟು ಗಾಳಿಯ ಸೆಳೆತ ಹುಟ್ಟಿಸುತ್ತೇನೆ. ಮರುದಿನದ ಪುಳ್ಳೆಯ ಬುಟ್ಟಿ ರಾತ್ರಿಯೇ ತುಂಬಿ, ಒಲೆಯಿಂದ ಮೂರಡಿ ಆಚೆ ಬೆಚ್ಚಗೆ ಕುಳಿತಿರುತ್ತದೆ.