ನಮಗೆ ಅರಗದ್ದೇ ಅವುಗಳ ಊಟ

ಕಾಳು ಹೊಟ್ಟೆಗೆ ಒಳ್ಳೆಯದು ಅಂತ ಯಾರೋ ಹೇಳಿದರು. ನಾನು ಅವತ್ತೇ ದೊಡ್ಡ ಬಟ್ಟಲು ತುಂಬ ಬೇಯಿಸಿಕೊಂಡು ತಿಂದೆ. ರಾತ್ರಿಯಿಡೀ ಹೊಟ್ಟೆಯಲ್ಲಿ ಗುಡುಗುಡು, ನಿದ್ದೆಯೇ ಇಲ್ಲ. ತಪ್ಪು ಕಾಳಿನದಲ್ಲ, ನನ್ನ ಅವಸರದ್ದು. ಕಾಳಿನಂಥವುಗಳಲ್ಲಿ ನಾರು (ಫೈಬರ್) ಹೆಚ್ಚು; ಊಟದಲ್ಲಿ ಅದನ್ನು ಜಾಸ್ತಿ ಮಾಡುವುದಾದರೆ ವಾರಕ್ಕಿಷ್ಟು ಅಂತ ನಿಧಾನವಾಗಿ ಏರಿಸಿ. ನೀರನ್ನೂ ಚೆನ್ನಾಗಿ ಕುಡಿಯಿರಿ.

ಆ ಗುಡುಗುಡು ಎಬ್ಬಿಸಿದ್ದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು. 2016ರ ಒಂದು ಅಂದಾಜಿನ ಪ್ರಕಾರ ಒಬ್ಬರ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ಹೆಚ್ಚೂಕಡಿಮೆ ನಮ್ಮ ಸ್ವಂತ ಜೀವಕೋಶಗಳಷ್ಟೇ! ನಾರು ನಮಗೆ ಅರಗುವುದಿಲ್ಲ, ಹಾಗೇ ಕೆಳಗಿಳಿಯುತ್ತದೆ. ಅಲ್ಲಿ ಈ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ತಿನ್ನುತ್ತವೆ. ಗ್ಯಾಸ್ ಬರುವುದು ಆಗಲೇ. ಆದರೆ ಜೊತೆಗೆ ಬ್ಯುಟಿರೇಟ್ ಅನ್ನುವುದೂ ತಯಾರಾಗುತ್ತದೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಆಹಾರವೇ ಅದು. ಆ ಪದರ ಗಟ್ಟಿಯಾಗಿದ್ದರೆ ಬೇಡದ್ದು ಒಳಗೆ ನುಸುಳುವುದು ಕಷ್ಟ. ರೋಗದ ಜೊತೆ ಹೋರಾಡುವ ಕೋಶಗಳೂ ಕರುಳಿನ ಸುತ್ತ ಬಹಳಷ್ಟಿವೆ. ಯಾರ ಮೇಲೆ ಏರಿ ಹೋಗಬೇಕು, ಯಾರನ್ನು ಸುಮ್ನೆ ಬಿಡಬೇಕು ಅಂತ ಅವು ಕಲಿಯುವುದು ಈ ಬ್ಯಾಕ್ಟೀರಿಯಾಗಳ ಸಹವಾಸದಲ್ಲಿ. ನಾರು ಸಿಗದೇ ಹೋದರೆ ಕೆಲವು ಬ್ಯಾಕ್ಟೀರಿಯಾ ಕರುಳಿನ ಲೋಳೆಯನ್ನೇ ತಿನ್ನತೊಡಗುತ್ತವೆ. ಇಲಿಗಳಲ್ಲಿ ಇದನ್ನು ಕಂಡಿದ್ದಾರೆ.

ಎದೆಹಾಲಿನಲ್ಲೂ ಮಗುವಿಗೆ ಅರಗದ ಒಂದು ಬಗೆಯ ಸಕ್ಕರೆಗಳಿವೆ. ಅವು ಮಗುವಿನ ಕರುಳಿನ ಬಿಫಿಡೋಬ್ಯಾಕ್ಟೀರಿಯಾಗಳಿಗೆ ಊಟ. ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಹಾಗೇ ಕೂತುಬಿಟ್ಟೆ. ತಾಯಿ ಒಬ್ಬರಿಗೆ ಅಂತ ಬಡಿಸಿದ್ದು ಎಷ್ಟು ಬಾಯಿಗೆ ಹೋಗುತ್ತದೆ, ಅಲ್ವಾ?

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಕ್ಕಡಿ ಹಿಡಿದು ಕೂರಬೇಡಿ. ಕಾಳು, ಪಾಲಿಶ್ ಮಾಡದ ಧಾನ್ಯ, ಸೊಪ್ಪು, ತರಕಾರಿ, ಹಣ್ಣು ದಿನಾ ತಟ್ಟೆಯಲ್ಲಿದ್ದರೆ ಸಾಕು. ವಾರವಿಡೀ ಒಂದೇ ತರಕಾರಿ ಮಾತ್ರ ಬೇಡ. ಬೇರೆ ಬೇರೆ ಬ್ಯಾಕ್ಟೀರಿಯಾಗೆ ಬೇರೆ ಬೇರೆ ನಾರು ಹಿಡಿಸುತ್ತದೆ.

ಮೊಸರಿನಂಥ ಹುದುಗಿಸಿದ ಆಹಾರವೂ ಒಳ್ಳೆಯದು. 2021ರಲ್ಲಿ ಸ್ಟ್ಯಾನ್‌ಫರ್ಡ್‌ ವಿಶ್ವವಿದ್ಯಾಲಯದವರು 36 ಜನರ ಮೇಲೆ ಮಾಡಿದ ಪ್ರಯೋಗದಲ್ಲಿ, 10 ವಾರ ಇಂಥದ್ದನ್ನು ಚೆನ್ನಾಗಿ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬಗೆಗಳು ಹೆಚ್ಚಿದವು, ರಕ್ತದಲ್ಲಿ ಉರಿಯೂತದ ಗುರುತುಗಳು ಇಳಿದವು. ಪ್ರಯೋಗ ಚಿಕ್ಕದು, ಆದರೂ ನನಗೆ ಅಷ್ಟು ಸಾಕು. ಮೊಸರನ್ನು ಕುದಿಸಿದರೆ ಅದರಲ್ಲಿರುವ ಬ್ಯಾಕ್ಟೀರಿಯಾ ಸಾಯುತ್ತವೆ, ನೆನಪಿರಲಿ. ಆರೋಗ್ಯವಾಗಿರುವವರು ಪ್ರೋಬಯಾಟಿಕ್ ಮಾತ್ರೆಗೆ (ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ) ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ರೋಗನಿರೋಧಕ ಶಕ್ತಿ ತೀರಾ ಕಡಿಮೆ ಇರುವವರಂತೂ ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಇನ್ನು ಬ್ಯಾಕ್ಟೀರಿಯಾ ಕೊಲ್ಲುವ ಮದ್ದು, ಆ್ಯಂಟಿಬಯಾಟಿಕ್. ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿ ಕೂಡಿಡುವ ಚಟ ನನಗೂ ಇತ್ತು. ಮಕ್ಕಳಿಗೆ ನೆಗಡಿಯಾದರೆ ಅದರಿಂದಲೇ ಒಂದು ಕೊಡುತ್ತಿದ್ದೆ. ನೆಗಡಿ ಬರುವುದು ವೈರಸ್‌ನಿಂದ, ಈ ಮಾತ್ರೆ ಅದಕ್ಕೆ ನಾಟುವುದೇ ಇಲ್ಲ. ಸಾಯುವುದು ಕರುಳಿನಲ್ಲಿರುವ ಒಳ್ಳೆಯವು. ಖಾಲಿಯಾದ ಜಾಗದಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಪುಂಡ ಬ್ಯಾಕ್ಟೀರಿಯಾ ಬೆಳೆದು ವಿಪರೀತ ಭೇದಿ ಹಿಡಿಸುತ್ತದೆ. ವೈದ್ಯರು ಬರೆದುಕೊಟ್ಟಾಗ ಅವರು ಹೇಳಿದಷ್ಟು ದಿನ ತಪ್ಪದೆ ತೆಗೆದುಕೊಳ್ಳಿ. ಕೋರ್ಸ್ ನಡುವೆಯೋ, ಮುಗಿದ ಕೆಲವು ವಾರಗಳಲ್ಲೋ ಭೇದಿ ಜೋರಾದರೆ ಮನೆಮದ್ದು ಮಾಡುತ್ತಾ ಕೂರದೆ ಅವರಿಗೇ ಫೋನ್ ಮಾಡಿ, ಯಾವ ಮಾತ್ರೆ ತಿಂದಿದ್ದಿರಿ ಅಂತಲೂ ಹೇಳಿ.