ಟೈಫಾಯ್ಡ್ ಪತ್ತೆಗೆ ಮಲದ ಕಲ್ಚರ್: ಮಾದರಿ ಕೊಡುವ ಕ್ರಮ

ಮೊದಲು ಚೀಟಿ ನೋಡಿ. ‘ಸ್ಟೂಲ್ ರೊಟೀನ್’ ಎಂದಿದ್ದರೆ ಟೈಫಾಯ್ಡ್ ಸಿಗುವುದಿಲ್ಲ. ಅದರಲ್ಲಿ ಹುಳದ ಮೊಟ್ಟೆ, ಅಮೀಬಾ, ಕೀವುಕಣ ಕಾಣಿಸಬಹುದು. ಟೈಫಾಯ್ಡ್ ರೋಗಾಣುವನ್ನು ಬೆಳೆಸಿಯೇ ಗುರುತಿಸಬೇಕು. ‘ಸ್ಟೂಲ್ ಕಲ್ಚರ್’ ಎಂದೇ ಬರೆದಿರಬೇಕು.

ಜ್ವರದ ಮೊದಲ ವಾರ ರೋಗಾಣು ರಕ್ತದಲ್ಲಿ ಹೆಚ್ಚು, ಹಾಗಾಗಿ ಆಗ ರಕ್ತದ ಕಲ್ಚರ್ ಮುಖ್ಯ. ಮಲದಲ್ಲಿ ಸಿಗುವ ಸಂಭವ ಎರಡನೇ, ಮೂರನೇ ವಾರದಲ್ಲಿ ಜಾಸ್ತಿ. ಸಾಧ್ಯವಾದರೆ ಆಂಟಿಬಯೋಟಿಕ್‌ಗೆ ಮುಂಚೆಯೇ ಮಾದರಿ ಕೊಡಿ. ಮಾತ್ರೆ ಶುರುವಾಗಿದ್ದರೆ ಅದರ ಹೆಸರು, ಎಷ್ಟು ದಿನವಾಯಿತೆಂಬುದನ್ನು ಚೀಟಿಯಲ್ಲಿ ಬರೆಸಿ. ಮಾದರಿಗೆಂದು ಚಿಕಿತ್ಸೆಯನ್ನು ಮಾತ್ರ ತಡಮಾಡಬೇಡಿ.

ಮೂತ್ರ ಮಾಡಿ ಮುಗಿಸಿ, ಆಮೇಲೆ ಒಣಗಿದ ಶುಭ್ರ ಪ್ಲಾಸ್ಟಿಕ್ ಹಾಳೆಯ ಮೇಲೆ ಮಲ ಹಿಡಿಯಿರಿ. ಕಮೋಡಿನಿಂದ ಎತ್ತಬೇಡಿ: ಅಲ್ಲಿ ಉಳಿದ ಫಿನಾಯಿಲ್, ಬ್ಲೀಚಿಂಗ್ ಪೌಡರ್ ರೋಗಾಣುವನ್ನು ಕೊಂದು ವರದಿಯನ್ನೇ ಕೆಡಿಸುತ್ತದೆ. ಲ್ಯಾಬ್ ಕೊಟ್ಟ ಡಬ್ಬಿಯ ಮುಚ್ಚಳಕ್ಕಂಟಿದ ಪುಟ್ಟ ಚಮಚದಿಂದ ಅಡಿಕೆ ಗಾತ್ರದಷ್ಟು ತೆಗೆಯಿರಿ. ನೀರುಭೇದಿಯಾದರೆ 5ರಿಂದ 10 ಮಿಲಿ. ಲೋಳೆ, ರಕ್ತ ಕಂಡ ಜಾಗದಿಂದಲೇ ತೆಗೆಯಿರಿ. ಬಾಯಿವರೆಗೆ ತುಂಬಿಸಿದರೆ ಗ್ಯಾಸಿಗೆ ಮುಚ್ಚಳ ಸಡಿಲವಾಗಿ ಸೋರುತ್ತದೆ. ಹೆಸರು, ದಿನಾಂಕ, ಗಂಟೆ ಬರೆದು, ಕೈಯನ್ನು ಸೋಪಿನಿಂದ ತೊಳೆಯಿರಿ.

ಎರಡು ಗಂಟೆಯೊಳಗೆ ಲ್ಯಾಬ್ ಸೇರಿಸಿ. ಇಟ್ಟ ಮಲ ಹುಳಿಯಾಗುತ್ತದೆ, ಬೇರೆ ಬ್ಯಾಕ್ಟೀರಿಯಾ ಬೆಳೆದು ನಮಗೆ ಬೇಕಾದದ್ದನ್ನು ಮುಚ್ಚಿಹಾಕುತ್ತವೆ. ದೂರದ ಊರಾದರೆ ಕ್ಯಾರಿ-ಬ್ಲೇರ್ ಮಾಧ್ಯಮದ (ದಾರಿಯಲ್ಲಿ ರೋಗಾಣುವನ್ನು ಜೀವಂತವಾಗಿಡುವ ವಸ್ತು) ಟ್ಯೂಬನ್ನು ಲ್ಯಾಬಿನಿಂದ ಮೊದಲೇ ಕೇಳಿ ತಂದಿಟ್ಟುಕೊಳ್ಳಿ.

ಲ್ಯಾಬಿನಲ್ಲಿ ಮಾದರಿಯನ್ನು ಸೆಲೆನೈಟ್ ದ್ರವದಲ್ಲಿ (ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ದ್ರವ) 37 ಡಿಗ್ರಿಯಲ್ಲಿಟ್ಟು, ಎಕ್ಸ್‌ಎಲ್‌ಡಿಯಂಥ, ರೋಗಾಣು ಬೆಳೆಸುವ ಪ್ಲೇಟಿಗೆ ಹಚ್ಚುತ್ತಾರೆ. ಮರುದಿನ ಕೆಂಪು ಚುಕ್ಕೆಗಳು ಏಳುತ್ತವೆ, ನಡುವೆ ಕಪ್ಪು. ಟೈಫಾಯ್ಡಿನಲ್ಲಿ ಆ ಕಪ್ಪು ತೀರಾ ಸಣ್ಣದಿರಬಹುದು, ಇಲ್ಲದೆಯೂ ಇರಬಹುದು. ಅವಸರದ ಕಣ್ಣಿಗೆ ತಪ್ಪುವುದು ಇಲ್ಲೇ. ಮುಂದೆ ಟಿಎಸ್‌ಐ ಟ್ಯೂಬಿನಲ್ಲಿ (ಬಣ್ಣ ಬದಲಿಸಿ ರೋಗಾಣುವಿನ ಗುರುತು ಹೇಳುವ ಸಕ್ಕರೆ ಬೆರೆತ ಮಾಧ್ಯಮ) ತಳ ಹಳದಿ, ಮೇಲ್ಭಾಗ ಕೆಂಪು, ಗ್ಯಾಸಿನ ಗುಳ್ಳೆಯಿಲ್ಲ, ನಡುವೆ ತೆಳ್ಳನೆಯ ಕಪ್ಪು ಗೆರೆ. ನಂತರ ಬೆಳೆದ ರೋಗಾಣು ಟೈಫಾಯ್ಡಿನದೇ ಎಂದು ಖಚಿತಪಡಿಸುವ ಸೀರಮ್ ಪರೀಕ್ಷೆ, ಯಾವ ಔಷಧಿ ನಾಟುತ್ತದೆಂಬ ಪರೀಕ್ಷೆ. ಎಲ್ಲ ಸೇರಿ ಮೂರ್ನಾಲ್ಕು ದಿನ ಬೇಕು, ಅವಸರಪಡಿಸಿ ಪ್ರಯೋಜನವಿಲ್ಲ.

ನೆಗೆಟಿವ್ ಬಂದರೆ ಟೈಫಾಯ್ಡ್ ಇಲ್ಲವೆಂದಲ್ಲ. ರೋಗಾಣು ಮಲದಲ್ಲಿ ದಿನವೂ ಬೀಳುವುದಿಲ್ಲ, ಹಾಗಾಗಿ ಅನುಮಾನವಿದ್ದರೆ ಮತ್ತೆ ಕೊಡಿ.

ಅಡುಗೆ ಮಾಡುವವರು ಕೆಲಸಕ್ಕೆ ಮರಳಲು ಜ್ವರ ಇಳಿದರಷ್ಟೇ ಸಾಲದು. ಆಂಟಿಬಯೋಟಿಕ್ ಮುಗಿದು ಕನಿಷ್ಠ 48 ಗಂಟೆಯಾದ ಮೇಲೆ, ಒಂದೊಂದಕ್ಕೂ 24 ಗಂಟೆಗೆ ಕಡಿಮೆಯಿಲ್ಲದ ಅಂತರದಲ್ಲಿ, ಮೂರು ಮಾದರಿ ಸತತ ನೆಗೆಟಿವ್ ಬರಬೇಕೆಂಬುದು ಸಾಮಾನ್ಯ ನಿಯಮ. ವರ್ಷ ಕಳೆದರೂ ಪಾಸಿಟಿವ್ ಬರುತ್ತಿದ್ದರೆ ಅವರು ವಾಹಕರು, ಅಂದರೆ ಕಾಯಿಲೆ ಕಾಣದಿದ್ದರೂ ರೋಗಾಣು ಹೊತ್ತವರು; ಅದು ಹೆಚ್ಚಾಗಿ ಪಿತ್ತಕೋಶದಲ್ಲಿ ಉಳಿದಿರುತ್ತದೆ. ಹಾಗಾಗಿ ಅಲ್ಲಿ ಕಲ್ಲಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು.